ಏಳು ತೂತಿನ ಸುರುಳಿ

ಫೆಬ್ರವರಿ ೪, ಮಂಗಳವಾರ

ಎಡಗೈ ಬರಹ. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿವೆ. ಬಲ ಮಣಿಕಟ್ಟು ಮುರಿದಿದೆ, ಆರು ವಾರ ಪ್ಲಾಸ್ಟರ್. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಮಗಳಿಗೆ ಹೇಳಿದ್ದೇನೆ. ಬಿದ್ದದ್ದು ಸುಣ್ಣಕಲ್ಲಿನ ಹಳೆಯ ಕ್ವಾರಿಯಲ್ಲಿ. ಅದು ನನಗೂ ಈ ಪುಸ್ತಕಕ್ಕೂ ಮಾತ್ರ ಗೊತ್ತು. ಕೈ ಸೋತಿತು.

ಫೆಬ್ರವರಿ ೬, ಗುರುವಾರ

ಇವತ್ತು ನಾಲ್ಕು ಸಾಲು ಹೆಚ್ಚು ಬರೆಯಬಲ್ಲೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಮೇಜಿನ ಮೇಲೆ ಸುರುಳಿ ಕೂತಿದೆ. ಅರ್ಧ ಕಲ್ಲಿನೊಳಗೆ, ಅರ್ಧ ಹೊರಗೆ. ಊಟದ ತಟ್ಟೆಯಷ್ಟು ಅಗಲ. ಎಷ್ಟೋ ಕೋಟಿ ವರ್ಷಗಳ ಹಿಂದೆ ಕಡಲಲ್ಲಿ ಈಜಾಡಿಕೊಂಡಿದ್ದ ಪ್ರಾಣಿಯ ಚಿಪ್ಪು. ಓದಿದವರು ಅಮೋನೈಟ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಮೊದಲಿನಿಂದ ಸುರುಳಿ ಎಂದೇ ರೂಢಿ. ಮೊದಲನೆಯದನ್ನು ತಂದವರು ನಮ್ಮ ಮನೆಯವರು. ಕ್ವಾರಿಯ ಲಾರಿ ಓಡಿಸುತ್ತಿದ್ದರು. ಬಾಗಿಲು ಗಾಳಿಗೆ ಬಡಿಯದಿರಲಿ ಎಂದು ಅಡ್ಡ ಇಡಲು ಒಂದು ಕಲ್ಲು ತಂದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಅದನ್ನು ಕಂಡು, ಕೇಳಿ, ಕೊಂಡುಕೊಂಡು ಹೋದರು. ಬಾಗಿಲು ಬಡಿಯುತ್ತಲೇ ಉಳಿಯಿತು, ನಾನು ವ್ಯಾಪಾರಕ್ಕೆ ಇಳಿದೆ. ಅದಕ್ಕೆ ಮೂವತ್ತನಾಲ್ಕು ವರ್ಷವಾಯಿತು. ಅವರು ಹೋಗಿ ಒಂಬತ್ತು.

ಸಾವಿರಗಟ್ಟಲೆ ಸುರುಳಿ ಮಾರಿದ್ದೇನೆ, ಇಂಥದ್ದು ಸಿಕ್ಕಿರಲಿಲ್ಲ. ಹೊರಸುತ್ತಿನ ಮೇಲೆ ಸಾಲಾಗಿ ಏಳು ತೂತುಗಳು. ಯಾವುದೋ ಭಾರಿ ಪ್ರಾಣಿ ಕಚ್ಚಿದ ಹಲ್ಲಿನ ಗುರುತು. ಮ್ಯೂಸಿಯಂ ಮೇಡಂಗೆ ಫೋಟೊ ಕಳಿಸಿದ ಒಂದು ಗಂಟೆಯೊಳಗೆ ಫೋನು ಬಂತು. ಮಾರ್ಚ್ ಎಂಟಕ್ಕೆ ಬರುತ್ತಾರಂತೆ. ಅಷ್ಟರಲ್ಲಿ ಚಿಪ್ಪನ್ನು ಪೂರ್ತಿ ಬಿಡಿಸಿ, ತೂತುಗಳಲ್ಲಿ ಗಟ್ಟಿಯಾಗಿ ಕೂತ ಮಣ್ಣು ತೆಗೆದಿಟ್ಟಿರಬೇಕು. ಸೂಜಿ ಹಿಡಿದು ಕಣ ಕಣವಾಗಿ ತೆಗೆಯುವ ಕೆಲಸ. ಬಲಗೈ ಕೆಲಸ.

ತೂತಿನ ಸಂಗತಿ ಮೇಡಂ ಬಿಟ್ಟು ಇನ್ನಾರಿಗೂ ಹೇಳಿಲ್ಲ. ನಮ್ಮ ಕಸುಬಿನ ಮೊದಲ ಪಾಠ ಅದೇ. ಕಲ್ಲಿನಲ್ಲಿ ವಿಶೇಷ ಏನಿದೆ ಎಂದು ಮಾರುವ ದಿನದವರೆಗೆ ಬಾಯಿ ಬಿಡಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಫೆಬ್ರವರಿ ೯, ಭಾನುವಾರ

ಮಗಳು ಬಂದಿದ್ದಳು. ಶಾಲೆಯಲ್ಲಿ ವ್ಯಾಯಾಮ ಕಲಿಸುವವಳು. ಕೊರಳಲ್ಲಿ ಸೀಟಿ ಇಲ್ಲದಿದ್ದಾಗಲೂ ಊದಿದ ಹಾಗೇ ಮಾತಾಡುತ್ತಾಳೆ. ಜೊತೆಗೆ ಹಲ್ಲಿನ ಡಾಕ್ಟರು, ಅಂದರೆ ನಮ್ಮ ಅಳಿಯಂದಿರು.

ಮದುವೆಯಾಗಿ ನಾಲ್ಕು ವರ್ಷ. ಮೊದಲ ಸಲ ಮನೆಗೆ ಬಂದಾಗ ಈ ಡಾಕ್ಟರು ಅಂಗಡಿಯ ಕಪಾಟುಗಳನ್ನೆಲ್ಲ ನೋಡಿ, "ಇದರಲ್ಲಿ ಜೀವನ ನಡೆಯುತ್ತಾ?" ಎಂದು ಕೇಳಿದ್ದರು. ಇದರಲ್ಲೇ ಉಂಡುಟ್ಟು ಬೆಳೆದ ಹುಡುಗಿಯನ್ನು ಕೇಳಲು ಬಂದು ಆಡಿದ ಮಾತು ಅದು. ಆಮೇಲೆ ಅವರು ಮಾತಾಡಿದ್ದು ಕಡಿಮೆ, ನಾನು ಮಾತಾಡಿಸಿದ್ದು ಇನ್ನೂ ಕಡಿಮೆ. ಅವರ ಶೂ ನೋಡಬೇಕು, ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಇವತ್ತು ಬಾಗಿಲ ಬಳಿ ನನ್ನ ಹಳೆಯ ಬೂಟುಗಳ ಪಕ್ಕ ಅದನ್ನು ಬಿಡುವಾಗ ಒಂದು ಗಳಿಗೆ ಬಗ್ಗಿಯೇ ನಿಂತಿದ್ದರು. ನನ್ನ ಧೂಳು ಅವರದಕ್ಕೆ ಮೆತ್ತೀತು ಎಂಬ ಭಯವಿರಬೇಕು.

ಮಗಳು ಪ್ಲಾಸ್ಟರ್ ನೋಡಿ, ನನ್ನ ವಯಸ್ಸು ಅರವತ್ತೊಂದು ಎಂದು ನನಗೇ ಜ್ಞಾಪಿಸಿ, ಕಡೆಗೆ ಒಂದು ಷರತ್ತು ಹಾಕಿದಳು.

"ಅಮ್ಮ, ಮ್ಯೂಸಿಯಂನವರು ಇದನ್ನ ತಗೊಂಡ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ. ತಗೊಳ್ಳಲಿಲ್ಲ ಅಂದ್ರೆ ಅಂಗಡಿ ಬಾಗಿಲು ಹಾಕಿ ನಮ್ಮನೆಗೆ ಬರಬೇಕು. ಸುತ್ತಿಗೆ ನನ್ನ ಕೈಗೆ ಕೊಡಬೇಕು. ಒಪ್ಪಿಗೆನಾ?"

ಒಪ್ಪಿಗೆ ಎಂದೆ. ಒಂದು ಕೈಯವಳು ಇನ್ನೇನು ಹೇಳಬಲ್ಲೆ. ಬಿದ್ದ ದಿನ ಕ್ವಾರಿಯಲ್ಲಿ, ಈ ಸುರುಳಿ ಸಿಕ್ಕ ಅದೇ ಪದರದಲ್ಲಿ, ಇನ್ನೊಂದು ಸುರುಳಿಯ ಅಂಚು ಕಂಡಿದ್ದೇನೆ. ಅದನ್ನು ಬಿಟ್ಟು ಮಗಳ ಮನೆಯ ಬಾಲ್ಕನಿಯಲ್ಲಿ ಹೂಕುಂಡಕ್ಕೆ ನೀರು ಹಾಕುತ್ತ ಕೂರುವುದೆಂದರೆ ನನಗೆ ಉಸಿರು ಕಟ್ಟುತ್ತದೆ.

ಆಗ ಮೂಲೆಯಿಂದ ಡಾಕ್ಟರು ಬಾಯಿ ತೆರೆದರು. ಸಂಜೆ ಹೊತ್ತು ತಾವು ಬಂದು ಮಾಡಬಹುದೇ, ಸಣ್ಣ ಕೆಲಸ ತಮಗೆ ಅಭ್ಯಾಸವಿದೆ ಎಂದರು. ಕಲ್ಲಿಗೆ ಬಾಯಿ ತೆರೆಯಿರಿ ಎಂದರೆ ಅದು ತೆರೆಯುವುದಿಲ್ಲ ಎನ್ನಬೇಕೆಂದಿದ್ದೆ. ಮಗಳು ಕಣ್ಣು ಬಿಟ್ಟಳು, ಹೂಂ ಎಂದೆ.

ಫೆಬ್ರವರಿ ೧೧, ಮಂಗಳವಾರ

ಸಂಜೆ ಆರಕ್ಕೆ ಸರಿಯಾಗಿ ಹಾಜರು. ಚರ್ಮದ ಚೀಲ ಬಿಚ್ಚಿ ಸಾಲಾಗಿ ಜೋಡಿಸಿದರು: ಕೊಕ್ಕೆ, ಸೂಜಿ, ಪುಟ್ಟ ಕನ್ನಡಿ, ಪೆನ್ನಿನಷ್ಟೇ ದಪ್ಪದ ಡ್ರಿಲ್. ನನ್ನ ಸಲಕರಣೆಗಳೋ, ಒಂದು ಕೊಡೆಯ ಕಡ್ಡಿ ಮಸೆದದ್ದು, ಇನ್ನೊಂದು ಹೊಲಿಗೆ ಯಂತ್ರದ ಸೂಜಿಗೆ ಹಿಡಿ ಕಟ್ಟಿದ್ದು. ಎರಡನ್ನೂ ಸೆರಗಿನಡಿ ಸರಿಸಿದೆ.

ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಮೆಲ್ಲಗೆ, ಓರೆಯಾಗಿ, ಚಿಪ್ಪಿನ ಕಡೆಗಲ್ಲ ಆಚೆಗೆ, ಎಂದು ಹೇಳುತ್ತ ಹೋದೆ. ಹೇಳಿದಷ್ಟು ಮಾಡಿದರು. ಒಂದು ಚೂರು ಉದುರಿತು. ಮೂಳೆಯೋ ಕಲ್ಲೋ ಎಂದು ಎತ್ತಿ ನಾಲಿಗೆಗೆ ಮುಟ್ಟಿಸಿದೆ. ಹಳೆಯ ಮೂಳೆ ನಾಲಿಗೆಗೆ ಅಂಟುತ್ತದೆ, ಕಲ್ಲು ಅಂಟುವುದಿಲ್ಲ. ನಮ್ಮವರೆಲ್ಲ ನೋಡುವುದು ಹಾಗೇ. ಡಾಕ್ಟರ ಮುಖ ಬಿಳಚಿಕೊಂಡಿತು. ಬಾಯಿ ತೊಳೆದುಕೊಳ್ಳಿ ಅತ್ತೆ ಎಂದರು. ತೊಳೆದುಕೊಂಡೆ. ಬಲಗಡೆ ಕೆಳದವಡೆ ಜುಮ್ಮೆಂದಿತು. ನೀರು ತೀರ ತಣ್ಣಗಿತ್ತು, ಅಷ್ಟೇ.

ಫೆಬ್ರವರಿ ೧೪, ಶುಕ್ರವಾರ

ಒಪ್ಪಿಕೊಳ್ಳಲು ಕಷ್ಟ, ಆದರೂ ಈ ಪುಸ್ತಕದಲ್ಲಿ ಸುಳ್ಳು ಬರೆದು ಏನು ಬಂತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾಡುತ್ತಾರೆ. ನನಗೆ ಒಂದು ವಾರ ಹಿಡಿಯುವುದನ್ನು ಮೂರು ಸಂಜೆಯಲ್ಲಿ ಮುಗಿಸಿದ್ದಾರೆ. ಚಿಪ್ಪಿನ ಏಣುಗಳು ಒಂದೊಂದಾಗಿ ಎದ್ದು ಬರುತ್ತಿವೆ, ಬಣ್ಣ ಹಾಲು ಹೆಚ್ಚಾದ ಚಹಾದ್ದು.

ಹೋಗುವಾಗ ಅಂಗಡಿಯಲ್ಲಿ ಶಾರ್ಕ್ ಹಲ್ಲುಗಳ ಡಬ್ಬಿಯ ಮುಂದೆ ನಿಂತರು. ಮಕ್ಕಳು ಹಿಡಿಹಿಡಿಯಾಗಿ ಕೊಳ್ಳುವ ಮಾಲು. ನಾವೂ ಹಲ್ಲಿನ ಕಸುಬಿನವರೇ, ನಮ್ಮ ಹಲ್ಲುಗಳು ನೋವು ಕೊಟ್ಟು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ ಎಂದೆ. ನಕ್ಕುಬಿಟ್ಟರು. ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಹಲ್ಲಿನ ಡಾಕ್ಟರಿಗೆ ಹಲ್ಲು ತೋರಿಸಲು ನಾಚಿಕೆ!

ಫೆಬ್ರವರಿ ೧೮, ಮಂಗಳವಾರ

ದವಡೆಗೆ ಲವಂಗ ಇಟ್ಟುಕೊಂಡಿದ್ದೆ. ಡಾಕ್ಟರು ಬಂದವರೇ ಮೂಗು ಅರಳಿಸಿ, ಲವಂಗದ ವಾಸನೆ ಬರುತ್ತಿದೆಯಲ್ಲ ಎಂದರು. ಪೆಟ್ಟಿಗೆಗಳಿಗೆ ಇರುವೆ ಬಾರದಿರಲಿ ಎಂದು ಇಟ್ಟಿದ್ದೇನೆ ಎಂದೆ. ಕಲ್ಲಿಗೆ ಇರುವೆ ಬರುತ್ತದೆಯೇ ಎಂದು ಕೇಳಲಿಲ್ಲ. ಮಾತು ಕಡಿಮೆಯಿರುವವರಿಂದ ಇದೊಂದು ಉಪಕಾರ.

ಫೆಬ್ರವರಿ ೨೨, ಶನಿವಾರ

ನನ್ನ ಸುರುಳಿ ಹೋಯಿತು.

ಬೆಳಿಗ್ಗೆ ಮಗಳು ನನ್ನನ್ನು ಮೂಳೆ ಡಾಕ್ಟರ ಬಳಿ ಕರೆದೊಯ್ದಳು. ಅಳಿಯಂದಿರಿಗೆ ರಜೆ, ಅಂಗಡಿ ಬೀಗ ತೆಗೆದುಕೊಟ್ಟು ಹೋಗಿದ್ದೆವು. ತೂತುಗಳೊಳಗಿನ ಮಣ್ಣು ಸ್ವಚ್ಛ ಮಾಡಿ ಎಂದಷ್ಟೇ ಹೇಳಿದ್ದೆ. ಮಧ್ಯಾಹ್ನ ಬಂದಾಗ ಕೈ ಒರೆಸಿಕೊಳ್ಳುತ್ತ ಎದ್ದು ನಿಂತರು. ಮುಖದಲ್ಲಿ ಮೊದಲ ಬಹುಮಾನ ಬಂದ ಹುಡುಗನ ಕಳೆ. "ನೋಡಿ ಅತ್ತೆ. ಒಂದೂ ಗೊತ್ತಾಗಲ್ಲ."

ನೋಡಿದೆ. ಒಂದೂ ಗೊತ್ತಾಗಲಿಲ್ಲ. ಏಳು ತೂತುಗಳನ್ನೂ ತುಂಬಿಬಿಟ್ಟಿದ್ದರು. ಹುಳುಕು ಹಲ್ಲಿಗೆ ತುಂಬುವ ಅದೇ ವಸ್ತು, ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿ ಹಿಡಿದು ಚಿಪ್ಪಿನ ಬಣ್ಣಕ್ಕೆ ಬೆರೆಸಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡಿ, ಏಣುಗಳನ್ನೂ ಕೊರೆದು ಜೋಡಿಸಿ, ನಯ ಮಾಡಿ ಬಿಟ್ಟಿದ್ದರು. ಬೆರಳಾಡಿಸಿದರೂ ಹತ್ತುವುದಿಲ್ಲ. ಹಳ್ಳ ಕಂಡರೆ ತುಂಬುವುದು ಅವರ ಕೈಯ ಗುಣ, ಹದಿನೈದು ವರ್ಷ ಮಾಡಿದ್ದೇ ಅದು.

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅದು ಹುಳುಕಲ್ಲ, ಕಚ್ಚಿದ ಗುರುತು, ಅದಕ್ಕೇ ಮ್ಯೂಸಿಯಂ ಬರುತ್ತಿರುವುದು, ತೂತಿಲ್ಲದ ಸುರುಳಿ ನನ್ನ ಕಪಾಟಿನಲ್ಲಿ ನಲವತ್ತು ಬಿದ್ದಿವೆ, ನೀವು ನಿಮ್ಮ ಪಾಡಿಗೆ ಹಲ್ಲು ಕೀಳುತ್ತ ಇರಬಾರದಿತ್ತೇ. ಅವರು ನಿಂತೇ ಕೇಳಿದರು. ಕಡೆಗೆ ಒಂದೇ ಮಾತು.

"ನೀವು ಹೇಳಲೇ ಇಲ್ಲವಲ್ಲ ಅತ್ತೆ."

ಚೀಲ ಮಡಿಸಿಕೊಂಡು ಹೋದರು. ನೀಲಿ ಬೆಳಕಿನ ದೀಪ ಇಲ್ಲೇ ಮರೆತಿದ್ದಾರೆ.

ಫೆಬ್ರವರಿ ೨೩, ಭಾನುವಾರ

ಹಲ್ಲು ನೋವು. ಕೈ ನೋವು. ಯಾರೂ ಬರಲಿಲ್ಲ. ನಾನು ಹೇಳಲೇ ಇಲ್ಲ, ನಿಜ.

ಫೆಬ್ರವರಿ ೨೫, ಮಂಗಳವಾರ

ಪೇಟೆಯ ಆಚೆ ತುದಿಯ ಕಲ್ಲಿನ ವ್ಯಾಪಾರಿ ಬಂದಿದ್ದ. ನಾವೆಲ್ಲ ಅವನನ್ನು ಹೊಳಪಪ್ಪ ಎನ್ನುತ್ತೇವೆ. ಕೈಗೆ ಸಿಕ್ಕಿದ್ದಕ್ಕೆಲ್ಲ ಎಣ್ಣೆ ಸವರಿ ಮಿಂಚಿಸಿ ಮಾರುವವನು. ಮೇಳಗಳಲ್ಲಿ ಇಪ್ಪತ್ತು ವರ್ಷದಿಂದ ಪಕ್ಕದ ಮೇಜು ಅವನದೇ. ಸುರುಳಿ ನೋಡಿದವನೇ ಕೂತುಬಿಟ್ಟ. ಒಂದು ಕಲೆ ಇಲ್ಲ, ಬಿರುಕಿಲ್ಲ, ಇಂಥದ್ದಕ್ಕೆ ದೊಡ್ಡ ಹೋಟೆಲಿನವರು ಕಾದಿದ್ದಾರೆ, ಈಗಲೇ ಒಯ್ಯುತ್ತೇನೆ ಎಂದ. ಇದರಲ್ಲಿ ಏಳು ಕಡೆ ತುಂಬಿದ್ದೇವೆ ಎಂದೆ. ಗಾಜಿನ ಹಿಂದೆ ಇಡುವುದಕ್ಕೆ ಅದೆಲ್ಲ ಯಾರಿಗೆ ಬೇಕು, ಮ್ಯೂಸಿಯಂಗೆ ಒಡೆದುಹೋಯಿತು ಎಂದು ಹೇಳಿದರಾಯಿತು ಎಂದ.

ಸುಲಭದ ದಾರಿ. ಎರಡು ಗುಟುಕು ಚಹಾ ಇಳಿಯುವಷ್ಟು ಹೊತ್ತು ಯೋಚಿಸಿದ್ದು ನಿಜ. ಆದರೆ ನಾನು ಮಾರಿದ ಪ್ರತಿ ಕಲ್ಲಿನ ಜೊತೆ ಒಂದು ಚೀಟಿ ಹೋಗುತ್ತದೆ. ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು, ಯಾರು ಬಿಡಿಸಿದರು, ಎಲ್ಲಿ ಅಂಟಿಸಿದೆ, ಎಲ್ಲಿ ತುಂಬಿದೆ. ಚೀಟಿ ಸುಳ್ಳಾದರೆ ಕಲ್ಲು ಬರೀ ಕಲ್ಲು. ಅದೂ ಅಲ್ಲದೆ, ನಮ್ಮ ಅಳಿಯಂದಿರ ಕೈಕೆಲಸ ಇದರಲ್ಲಿದೆ, ಹೆಸರು ಹೇಳದೆ ಮಾರುವುದಿಲ್ಲ ಎಂದುಬಿಟ್ಟೆ. ಹೊಳಪಪ್ಪ ನನ್ನ ಮುಖ ನೋಡಿ ಎದ್ದು ಹೋದ. ಆ ಮಾತು ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ.

ಫೆಬ್ರವರಿ ೨೭, ಗುರುವಾರ

ಅವರ ಕ್ಲಿನಿಕ್ಕಿಗೆ ಹೋದೆ. ನಾಲ್ಕು ವರ್ಷದಲ್ಲಿ ಮೊದಲ ಸಲ. ಕೆನ್ನೆ ಊದಿದವರ ಸಾಲಿನಲ್ಲಿ ನಾನೂ ಕೂತೆ. ಬಾಗಿಲಲ್ಲಿದ್ದ ಹುಡುಗಿ ಯಾವ ಹಲ್ಲು ಎಂದು ಕೇಳಿದಳು. ಹಲ್ಲಲ್ಲ, ಮಾತಾಡಬೇಕಿತ್ತು ಎಂದೆ. ಎಲ್ಲರೂ ಹಾಗೇ ಹೇಳೋದು ಅಜ್ಜಿ ಎಂದಳು.

ಅರ್ಧ ತೆರೆದ ಬಾಗಿಲಿನಿಂದ ಒಳಗೆ ಕಾಣುತ್ತಿತ್ತು. ಕುರ್ಚಿಯಲ್ಲಿ ಆರೇಳು ವರ್ಷದ ಒಂದು ಪುಟ್ಟ ಹುಡುಗಿ, ಕಣ್ಣು ತುಂಬಾ ನೀರು. ನಮ್ಮ ಮೌನಿ ಅವಳೊಂದಿಗೆ ಒಂದೇ ಸಮ ಮಾತಾಡುತ್ತಿದ್ದರು. ಈಗ ಇದು ಗುಂಯ್ ಅನ್ನುತ್ತೆ, ಈಗ ತಣ್ಣಗೆ ನೀರು ಬರುತ್ತೆ, ಈಗ ಸ್ವಲ್ಪ ನೋಯುತ್ತೆ, ಮೂರು ಎಣಿಸಿದರೆ ಮುಗೀತು. ಏನು ಮಾಡುವುದಿದ್ದರೂ ಮೊದಲು ಹೇಳಿ ಆಮೇಲೆ ಮಾಡುತ್ತಿದ್ದರು. ನಾನು ಹತ್ತು ದಿನ ಅವರ ಹಿಂದೆಯೇ ಕೂತು ಹೇಳಬೇಕಾದ ಒಂದು ಮಾತು ಹೇಳದೆ ಇದ್ದೆನಲ್ಲ.

ಒಳಗೆ ಹೋಗಿ, ತಪ್ಪು ನನ್ನದೂ ಇದೆ ಎಂದೆ. 'ನನ್ನದೂ' ಎಂದೆ, 'ನನ್ನದೇ' ಎನ್ನುವಷ್ಟು ಬಾಗುವುದಕ್ಕೆ ಬೆನ್ನು ಒಪ್ಪಲಿಲ್ಲ. ತುಂಬಿದ್ದನ್ನು ತೆಗೆಯಬಹುದೇ ಎಂದು ಕೇಳಿದೆ.

"ತೆಗೆಯೋದು ದಿನಾ ಮಾಡೋ ಕೆಲಸ ಅತ್ತೆ. ಆದರೆ ಎಲ್ಲಿ ಚಿಪ್ಪು ಮುಗಿದು ಎಲ್ಲಿ ಫಿಲ್ಲಿಂಗ್ ಶುರುವಾಗುತ್ತೆ ಅಂತ ನನಗೇ ಕಾಣ್ತಿಲ್ಲ. ಬಣ್ಣ ಅಷ್ಟು ಚೆನ್ನಾಗಿ ಹೊಂದಿಸ್ಬಿಟ್ಟಿದೀನಿ. ಒಂದು ಕೂದಲೆಳೆ ಆಚೆ ಹೋದರೆ ಕಚ್ಚಿದ ಅಂಚೇ ಹೋಗುತ್ತೆ." ಆಮೇಲೆ ಉಗುರು ನೋಡಿಕೊಳ್ಳುತ್ತ, ಯು.ವಿ. ಟಾರ್ಚ್ ಬಿಟ್ಟರೆ ಫಿಲ್ಲಿಂಗ್ ಬೇರೆಯಾಗಿ ಹೊಳೆಯುತ್ತದೆ, ತಮ್ಮ ಹತ್ತಿರ ಇಲ್ಲ, ತರಿಸಲು ಎರಡು ವಾರ ಬೇಕು ಎಂದರು.

ಎರಡು ವಾರ ಎಲ್ಲಿದೆ. ಆದರೆ ಯು.ವಿ. ಟಾರ್ಚ್ ಇಲ್ಲದ ಖನಿಜದ ಅಂಗಡಿ ಎಲ್ಲಿದೆ? ಕತ್ತಲೆಯಲ್ಲಿ ಹಸಿರು, ಕಿತ್ತಳೆ ಬಣ್ಣಕ್ಕೆ ಹೊಳೆಯುವ ಕಲ್ಲುಗಳನ್ನು ಮಕ್ಕಳಿಗೆ ತೋರಿಸಿಯೇ ಅರ್ಧ ವ್ಯಾಪಾರ ಮಾಡಿದವಳು ನಾನು. ನನ್ನ ಹತ್ತಿರ ಮೂರು ಇವೆ ಎಂದೆ. ಅವರು ತಲೆ ಎತ್ತಿ ನೋಡಿದ್ದು ನೋಡಬೇಕಿತ್ತು.

ಮಾರ್ಚ್ ೧, ಶನಿವಾರ

ಮಧ್ಯಾಹ್ನ ಶಟರ್ ಎಳೆದು, ಸಂದುಗಳಿಗೆ ಚಾದರ ತುರುಕಿ, ಕೋಣೆ ಕತ್ತಲೆ ಮಾಡಿದೆವು. ಟಾರ್ಚ್ ಹಾಕಿದೆ. ಚಿಪ್ಪು ಮಂಕಾಗಿ ಕಂದು. ಅದರ ಹೊರಸುತ್ತಿನ ಮೇಲೆ ಏಳು ಚುಕ್ಕೆಗಳು ನೀಲಿ ಬೆಳ್ಳಗೆ, ಯಾರೋ ಸಾಲಾಗಿ ದೀಪ ಇಟ್ಟಂತೆ ಹೊತ್ತಿಕೊಂಡವು. ಅಂಚು ಕೂದಲೆಳೆಯಷ್ಟು ಸ್ಪಷ್ಟ. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು.

ಖುಷಿಗೆ ಅಳಿಯ ನಕ್ಕ, ಕೈ ಅಡ್ಡ ಹಿಡಿಯಲು ಮರೆತು. ನೋಡಿದರೆ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಥೇಟ್ ಆ ಏಳರ ಹಾಗೇ ಉರಿಯುತ್ತಿದೆ! ಎಂಟನೆಯದು ಇಲ್ಲಿದೆ ಕಣಪ್ಪ ಎಂದೆ. ಚಿಕ್ಕವನಿದ್ದಾಗ ಕಲ್ಲು ಎಡವಿ ಮುರಿದುಕೊಂಡದ್ದಂತೆ. ಓದುವಾಗ ಅವನೇ ಕನ್ನಡಿ ಹಿಡಿದು ತನ್ನ ಹಲ್ಲು ತಾನೇ ಕಟ್ಟಿಕೊಂಡನಂತೆ. ಅದು ಸರಿಯಾಗಿ ಬಂದ ದಿನವೇ ಈ ಕಸುಬು ತನಗೆ ಒಗ್ಗುತ್ತದೆ ಎಂದು ಗೊತ್ತಾಯಿತಂತೆ. ಕಲ್ಲಿನಿಂದ ಶುರುವಾದವನು ನೀನೂ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ, ಎಷ್ಟು ದಿನವಾಗಿತ್ತೋ.

ನಗುವವಳ ಬಾಯಿಗೆ ಟಾರ್ಚ್ ಬೆಳಕು ಬಿದ್ದಿದೆ, ನನಗೆ ತಿಳಿಯಲಿಲ್ಲ. ಅವನು ನಗು ನಿಲ್ಲಿಸಿದ.

"ಅತ್ತೆ, ಬಲಗಡೆ ಕೆಳಗಿನ ದವಡೆ ಹಲ್ಲು. ಅರ್ಧ ಇಲ್ಲ. ಎಷ್ಟು ದಿನದಿಂದ?"

ಇರುವೆ ತಿಂದಿರಬೇಕು ಎಂದೆ. ಅವನು ಟಾರ್ಚ್ ಸುರುಳಿಯ ಕಡೆ ತಿರುಗಿಸಿ ಕೆಲಸಕ್ಕೆ ಕೂತ. ನಾನು ಎಡಗೈಯಲ್ಲಿ ಬೆಳಕು ಹಿಡಿದೆ. ಮೂರು ಗಂಟೆಯಲ್ಲಿ ಒಂದು ತೂತು ಬಿಡಿಸಿದ.

ಮಾರ್ಚ್ ೫, ಬುಧವಾರ

ಐದು ಆಗಿದ್ದವು. ಇವತ್ತು ಆರನೆಯದು. ಭೂತಗನ್ನಡಿಯಲ್ಲಿ ನೋಡುತ್ತಿದ್ದವನು ಡ್ರಿಲ್ ಕೆಳಗಿಟ್ಟು ನನ್ನನ್ನು ಕರೆದ. ಮಿಕ್ಕ ತೂತುಗಳ ಅಂಚು ಒಡೆದ ಬಟ್ಟಲಿನ ಹಾಗೆ ಚೂಪು. ಇದರ ಅಂಚು ದುಂಡಗೆ, ತಳದಲ್ಲಿ ತೆಳ್ಳಗೆ ಇನ್ನೊಂದು ಪದರ. ನಾನು ಇದನ್ನು ಮಣ್ಣು ಎಂದುಕೊಂಡಿದ್ದೆ. ಮಣ್ಣಾಗಿದ್ದರೆ ಆವತ್ತೇ ಬಂದಿರುತ್ತಿತ್ತು, ಇದು ಚಿಪ್ಪೇ, ಒಳಗಿನಿಂದ ಬೆಳೆದಿದೆ ಎಂದ. ಆಮೇಲೆ ಬಿಡಿಸಿದ ಏಳನೆಯದೂ ಹಾಗೇ.

"ಈ ಎರಡು ಗಾಯ ಮಾಯ್ದಿದೆ ಅತ್ತೆ. ಇವು ಮೊದಲು ಕಚ್ಚಿಸ್ಕೊಂಡಿದ್ದು. ಆಮೇಲೂ ಇದು ಬದುಕಿತ್ತು. ಎಷ್ಟೋ ದಿನ ಬಿಟ್ಟು ಇನ್ನೊಂದು ಸಲ ಕಚ್ಚಿದಾಗ ಸತ್ತಿರೋದು."

ಎಷ್ಟು ಸಾವಿರ ಸುರುಳಿ ಈ ಕೈಯಲ್ಲಿ ಹಾದುಹೋಗಿವೆ. ಒಂದಾದರೂ ಒಂದು ಕಾಲದಲ್ಲಿ ನೋವು ಪಟ್ಟಿತ್ತು, ತಾನೇ ಮದ್ದು ಮಾಡಿಕೊಂಡಿತ್ತು ಎಂದು ನನಗೆ ಹೊಳೆದದ್ದಿಲ್ಲ. ಕಣ್ಣಲ್ಲಿ ನೀರು ಬಂತು. ಧೂಳು ಎಂದೆ. ಅವನು ಕಿಟಕಿ ತೆರೆದ.

ಮೂರನೇ ತೂತಿನ ಮೂಲೆಯಲ್ಲಿ ಅಕ್ಕಿಕಾಳಿನ ತುದಿಯಷ್ಟು ಫಿಲ್ಲಿಂಗ್ ಉಳಿದಿದೆ. ತೆಗೆದರೆ ಅಂಚು ಒಡೆಯುತ್ತದಂತೆ. ಇರಲಿ ಎಂದೆ.

ಮಾರ್ಚ್ ೮, ಶನಿವಾರ

ಮೇಡಂ ಹನ್ನೊಂದಕ್ಕೆ ಬಂದರು. ದಪ್ಪ ಕನ್ನಡಕ, ಅದರ ಮೇಲೆ ಇನ್ನೊಂದು ಭೂತಗನ್ನಡಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು, ಸುತ್ತಿಗೆ ಇಸಿದುಕೊಳ್ಳಲೆಂದೇ ಬಂದವಳ ಹಾಗೆ. ಇವನು ಕ್ಲಿನಿಕ್ಕಿಗೆ ಬಾಗಿಲು ಹಾಕಿ ಬಂದಿದ್ದ.

ನಾನು ಮೊದಲು ಚೀಟಿ ಕೊಟ್ಟೆ. ಎಡಗೈಯಲ್ಲಿ ಬರೆದದ್ದು, ಮಗು ಬರೆದ ಹಾಗಿದೆ. ಸಿಕ್ಕಿದ್ದು ನನಗೆ. ಬಿಡಿಸಿದವರು ಅಳಿಯ, ಹಲ್ಲಿನ ವೈದ್ಯರು. ಏಳು ತೂತುಗಳನ್ನೂ ತಿಳಿಯದೆ ಹಲ್ಲಿನ ಸಿಮೆಂಟಿನಿಂದ ತುಂಬಿ ಮತ್ತೆ ತೆಗೆಯಲಾಗಿದೆ. ಮಾಲೀಕಳು ಹೇಳದೆ ಇದ್ದುದೇ ಕಾರಣ. ಮೂರನೆಯದರಲ್ಲಿ ಚೂರು ಉಳಿದಿದೆ, ತೆಗೆಯಬಾರದು. ಆರು ಮತ್ತು ಏಳು ಮಾಯ್ದ ಗಾಯಗಳು, ಕಂಡುಹಿಡಿದವರು ಅಳಿಯ.

ಮೇಡಂ ಎರಡು ಸಲ ಓದಿದರು. ಮಗಳ ಮುಖ ಕಂಗೆಟ್ಟಿತು, ಅಮ್ಮ ತಾನೇ ತನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡಳು ಎಂದು. ಆಮೇಲೆ ಮೇಡಂ ಆರನೆಯ ತೂತಿನ ಮೇಲೆ ಬಗ್ಗಿದವರು ಎಷ್ಟೋ ಹೊತ್ತು ಏಳಲಿಲ್ಲ.

"ಇದನ್ನ ನಾನು ಫೋಟೋದಲ್ಲಿ ನೋಡಿರಲಿಲ್ಲ" ಎಂದರು ಕಡೆಗೆ. "ಕಚ್ಚಿದ ಗುರುತು ಇನ್ನೂ ಒಂದೆರಡು ಕಡೆ ಇದೆ. ಕಚ್ಚಿಸ್ಕೊಂಡು ಬದುಕಿದ ಗುರುತೂ ಜೊತೆಯಲ್ಲೇ ಇರೋದು ನಮ್ಮಲ್ಲಿ ಇದೊಂದೇ. ಈ ಚೀಟೀನೂ ಇದರ ಪಕ್ಕದಲ್ಲೇ ಇಡ್ತೀನಿ. ತಪ್ಪನ್ನ ಬರೆದಿಟ್ಟ ವ್ಯಾಪಾರಿ ನನಗೆ ಇದುವರೆಗೆ ಸಿಕ್ಕಿರಲಿಲ್ಲ."

ಸುರುಳಿ ಹತ್ತಿಯ ಹಾಸಿಗೆಯಲ್ಲಿ, ಮರದ ಪೆಟ್ಟಿಗೆಯಲ್ಲಿ ಹೊರಟಿತು. ಮಗಳು ನನ್ನನ್ನು ತಬ್ಬಿಕೊಂಡು, ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದದ್ದು ನಿಜ, ಆದರೆ ಕ್ವಾರಿಗೆ ಮಾತ್ರ ಒಬ್ಬಳೇ ಹೋಗಕೂಡದು, ಅದು ಬೇರೆ ವಿಷಯ ಎಂದಳು. ಬಾಯಿ ಮುಚ್ಚಿಕೊಳ್ಳುವುದೆಂದರೆ ಅವಳಿಗೆ ಇಷ್ಟೇ. ಅಂಗಡಿ ಉಳಿಯಿತು. ಸುತ್ತಿಗೆ ಉಳಿಯಿತು. ಕ್ವಾರಿ?

ಮಾರ್ಚ್ ೧೬, ಭಾನುವಾರ

ಮೂಳೆ ಡಾಕ್ಟರು ಭಾನುವಾರವೇ ಬರಹೇಳಿ ಪ್ಲಾಸ್ಟರ್ ಕತ್ತರಿಸಿದರು. ಒಳಗಿನ ಕೈ ಯಾರದೋ ಎಂಬಂತಿದೆ. ಸೂಜಿ ಹಿಡಿಯುವ ಕೆಲಸ ಆರು ತಿಂಗಳು ಬೇಡ ಎಂದರು. ಬೇಸರವಾಗಬೇಕಿತ್ತು. ಅದಕ್ಕೆ ಅವನಿದ್ದಾನಲ್ಲ ಎನ್ನಿಸಿ ಮುಂದಿನ ಮಾತಿಗೆ ಹೋದೆ.

ಹಲ್ಲು ರಾತ್ರಿಯಿಡೀ ಕೊಂದಿತು. ಮಂಗಳವಾರ ಹತ್ತಕ್ಕೆ ಬನ್ನಿ ಎಂದು ಫೋನಿನಲ್ಲಿ ಹೇಳಿದ. ಮಗಳಿಗೆ ಹೇಳಬೇಡ ಎಂದೆ.

ಮಾರ್ಚ್ ೧೮, ಮಂಗಳವಾರ

ಮೂವತ್ತನಾಲ್ಕು ವರ್ಷ ನಾನು ಕಲ್ಲುಗಳಿಗೆ ಮಾಡಿದ್ದನ್ನೆಲ್ಲ ಇವತ್ತು ನನಗೆ ಮಾಡಿಸಿಕೊಂಡೆ. ಬೆನ್ನು ಮಲಗಿಸುವ ಕುರ್ಚಿ, ಮುಖದ ಮೇಲೆ ದೀಪ. ಎಡಗೈಯಲ್ಲಿ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೆದರಿಕೆ ಆಗುತ್ತಿದೆ ಕಣೋ ಎಂದೆ. ಏನೇ ಮಾಡಿದರೂ ಮೊದಲು ಹೇಳಿ ಮಾಡುತ್ತೇನೆ ಅತ್ತೆ ಎಂದ.

ಹೇಳಿಯೇ ಮಾಡಿದ. ಈಗ ಚುಚ್ಚುತ್ತೆ, ಈಗ ದಪ್ಪ ಅನ್ನಿಸುತ್ತೆ, ಈಗ ಗುಂಯ್. ಬಾಯಿ ತುಂಬ ಹತ್ತಿ, ನನಗೆ ಒಂದು ಮಾತಾಡಲು ಆಗದು. ನಾಲ್ಕು ವರ್ಷದಿಂದ ನಾನು ಆಡುವುದು, ಅವನು ಕೇಳುವುದು. ಇವತ್ತು ಅರ್ಧ ಗಂಟೆ ತಿರುಗುಮುರುಗು.

ಹಲ್ಲಿನ ಕೆಲಸದ ಮಾತು ಮುಗಿದ ಮೇಲೆ ಬೇರೆ ಮಾತು ಶುರುವಾಯಿತು, ಡ್ರಿಲ್ಲಿನ ಸದ್ದಿನ ನಡುವೆ, ಒಂದೊಂದೇ. ಆವತ್ತು ಜೀವನ ನಡೆಯುತ್ತಾ ಎಂದು ಕೇಳಿದ್ದು ಹೀಗಳೆಯಲು ಅಲ್ಲವಂತೆ. ಕಪಾಟು ನೋಡಿ ಆಸೆಯಾಗಿತ್ತಂತೆ, ಇಂಥದ್ದು ಮಾಡಿಕೊಂಡೂ ಬದುಕಬಹುದೇ ಎಂದು. ಕೇಳಿದ್ದು ತಪ್ಪಾಗಿ ಬಂತು, ಆಮೇಲೆ ಸರಿ ಮಾಡಲು ಬಾಯಿ ಬರಲಿಲ್ಲವಂತೆ. ನನ್ನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ನೋವಾಯ್ತಾ ಎಂದ. ಇಲ್ಲ ಎಂದು ತಲೆ ಆಡಿಸಿದೆ. ಆಡಿಸಬೇಡಿ ಎಂದ.

ಆಮೇಲೆ ನೀಲಿ ದೀಪ ಹಿಡಿದು, ಫಿಲ್ಲಿಂಗ್ ಗಟ್ಟಿಯಾಗಲು ಎಣಿಸುತ್ತ, ನನ್ನ ಮುಖ ನೋಡದೆ ಹೇಳಿದ.

"ಬಚ್ಚಲಲ್ಲಿ ಬಿದ್ದವರ ಬೂಟಿನಲ್ಲಿ ಕ್ವಾರಿಯ ಸುಣ್ಣದ ಮಣ್ಣು ಇರಲ್ಲ ಅತ್ತೆ. ಆ ಭಾನುವಾರ ಬಾಗಿಲಲ್ಲೇ ನೋಡ್ದೆ. ಅವಳ ಕಣ್ಣಿಗೆ ಬೀಳೋ ಮುಂಚೆ ಬೂಟು ಮಂಚದಡಿ ತಳ್ಳಿದ್ದು ನಾನೇ. ಅವಳಿಗೆ ಹೇಳಿಲ್ಲ, ಹೇಳೋದೂ ಇಲ್ಲ. ಆದರೆ ಮುಂದಿನ ಸಲ ಹೋಗೋವಾಗ ನನಗೆ ಒಂದು ಮಾತು ಹೇಳಿ. ನಾನೂ ಬರ್ತೀನಿ."

ಬೂಟು ಎಲ್ಲಿ ಹೋಯಿತು ಎಂದು ಒಂದು ವಾರ ಹುಡುಕಿದ್ದು ನೆನಪಾಯಿತು. ಬಾಯಲ್ಲಿ ಹತ್ತಿ, ಮೇಲೆ ಅವನ ಕೈ. ಎಡಗೈ ಎತ್ತಿ ಅವನ ಮೊಣಕೈ ಹಿಡಿದುಕೊಂಡೆ. ಅವನು ಮೂರರ ಬದಲು ಹತ್ತರವರೆಗೆ ಎಣಿಸಿದ.

ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ. ಒಂದೂ ಗೊತ್ತಾಗುವುದಿಲ್ಲ. ಯು.ವಿ. ಟಾರ್ಚ್ ಬಿಟ್ಟೂ ನೋಡಿದೆ, ಹೊಳೆಯಿತು. ಹಳ್ಳ ತುಂಬುವುದರಲ್ಲಿ ಅವನ ಕೈಯನ್ನು ಮೀರಿಸಿದವರಿಲ್ಲ.

ಕ್ವಾರಿಯ ಆ ಪದರ ಮೂರನೇ ಮೆಟ್ಟಿಲಲ್ಲಿದೆ, ಕೆಳಗೆಲ್ಲ ಸಡಿಲ ಕಲ್ಲು. ಆ ಮಿಂಚುವ ಶೂನಲ್ಲಿ ಹತ್ತಿದರೆ ಇನ್ನೊಂದು ಹಲ್ಲು ಹೋದೀತು. ಮನೆಯವರ ಬೂಟುಗಳು ಅಟ್ಟದ ಮೇಲಿವೆ, ಒಂಬತ್ತು ವರ್ಷದಿಂದ ಯಾರೂ ಹಾಕಿಲ್ಲ. ನಾಳೆ ಇಳಿಸಿ, ಎಣ್ಣೆ ಹಚ್ಚಿ ಬಿಸಿಲಿಗಿಡಬೇಕು. ಅವನ ಕಾಲಿನ ಅಳತೆ ಕೇಳಬೇಕು.